ತೊಗರಿಯ ನಾಡಿಗೂ ಒಂದು ಹಾಯಿ

ಪರ್ಷಿಯಾದ ಶಿರಾಜ್‌ನ ಕವಿ ಹಾಫಿಜ್‌ನನ್ನು ಕರೆತರಲು ಹಾಯಿ ಹಡಗು ಕಾದು ನಿಂತದ್ದು ಕಲಬುರಗಿಯ ದರ್ಬಾರಿಗಾಗಿ. ಬಹಮನಿ ಸುಲ್ತಾನ ಫಿರೋಜ್ ಷಾ ವರ್ಷಕ್ಕೊಮ್ಮೆ ಕಡಲಿಗೆ ಹಡಗು ಬಿಡಿಸುತ್ತಿದ್ದುದು ಇದೇ ಬಿಸಿಲ ನೆಲದಲ್ಲಿ ಕೂತು. ಇಂದು ನಮ್ಮ ಮಕ್ಕಳು ದ್ವೀಪದ ರಜೆಯಲ್ಲಿ ಗಾಳಿಪಟ ಹಿಡಿದು ಅಲೆಯ ಮೇಲೆ ಓಡುವ ಕನಸು ಕಾಣುತ್ತಿದ್ದಾರೆ. ಆ ಕನಸಿನ ಮೊದಲ ಪಾಠವನ್ನು ಕಮಲಾಪುರ ತಾಲ್ಲೂಕಿನ ನೀರಿನಲ್ಲೇ ಹೇಳಿಕೊಡಬಹುದು.

ಹಾರ್ಮುಜ್ ಬಂದರು. ಹದಿನಾಲ್ಕನೇ ಶತಮಾನ ಮುಗಿಯುತ್ತ ಬಂದಿದೆ. ದಖ್ಖನ್ನಿನಿಂದ ಬಂದ ಸುಲ್ತಾನನ ಹಡಗು ಲಂಗರು ಹಾಕಿ ನಿಂತಿದೆ. ಹಡಗು ಹತ್ತಿದವರಲ್ಲಿ ಶಿರಾಜ್‌ನ ಕವಿ ಹಾಫಿಜ್ ಕೂಡ ಇದ್ದಾನೆ. ಅವನು ಹೊರಟಿರುವುದು ಕಲಬುರಗಿಗೆ.

ಲಂಗರು ಎತ್ತುವ ಮೊದಲೇ ಗಾಳಿ ಎದ್ದಿತು. ಕಡಲು ಕುದಿಯತೊಡಗಿತು. ದಡದಲ್ಲಿರುವ ಗೆಳೆಯರಿಗೆ ಒಂದು ಮಾತು ಹೇಳಿ ಬರುತ್ತೇನೆಂದು ಕೆಳಗಿಳಿದ ಕವಿ ಮತ್ತೆ ಹಡಗು ಹತ್ತಲಿಲ್ಲ. ಒಂದು ಗಜಲ್ ಬರೆದು ಕಳಿಸಿ ಶಿರಾಜ್‌ಗೆ ಮರಳಿದ.

ಈ ಕಥೆ ಹೇಳಿದವನು ಇತಿಹಾಸಕಾರ ಫೆರಿಷ್ತಾ, ಹದಿನೇಳನೇ ಶತಮಾನದ ಆರಂಭದಲ್ಲಿ, ನಮ್ಮ ವಿಜಯಪುರದಲ್ಲಿ ಕೂತು. ಹಾಫಿಜ್‌ನನ್ನು ಕರೆಸಿದ್ದು ಬಹಮನಿ ಸುಲ್ತಾನ ಎರಡನೇ ಮುಹಮ್ಮದ್ ಷಾ. ದಾರಿಖರ್ಚಿಗೆ ಹಣ ಕಳಿಸಿದ್ದು ಆಸ್ಥಾನದ ವಿದ್ವಾಂಸ ಮೀರ್ ಫಜ್ಲುಲ್ಲಾ ಇಂಜು. ಆ ಹಣದಲ್ಲಿ ಒಂದು ಪಾಲು ಕವಿಗೆ ಸಾಲ ಕೊಟ್ಟವರಿಗೂ ಅವನ ಬಂಧುಗಳಿಗೂ ಹೋಯಿತು. ಉಳಿದದ್ದನ್ನು ಅವನು ದಾರಿಯಲ್ಲಿ ಸಿಕ್ಕ, ಎಲ್ಲ ಕಳೆದುಕೊಂಡಿದ್ದ ಗೆಳೆಯನೊಬ್ಬನ ಕೈಗಿಟ್ಟ. ಹಿಂದೂಸ್ತಾನಕ್ಕೆ ಹೊರಟಿದ್ದ ವರ್ತಕರ ಖರ್ಚಿನಲ್ಲಿ ಬಂದರು ತಲುಪಿದವನನ್ನು ಕೊನೆಗೆ ತಡೆದದ್ದು ಗಾಳಿ. ಆದರೂ ಸುಲ್ತಾನ ಮುನಿಯಲಿಲ್ಲ. ಗಜಲ್ ಕೈಸೇರಿದ ಮೇಲೆ ಶಿರಾಜ್‌ಗೆ ಉಡುಗೊರೆ ಕಳಿಸಿದ.

ಕಡಲಿಂದ ನೂರಾರು ಮೈಲಿ ದೂರ ಇರುವ ಊರು ನಮ್ಮದು, ನಮಗೂ ಹಾಯಿಗೂ ಏನು ಸಂಬಂಧ ಎನ್ನುವವರು ಈ ಕಥೆಯನ್ನು ನೆನಪಿಡಬೇಕು.

ಮಾಳಿಗೆಯ ಪತಂಗ, ದ್ವೀಪದ ಕೈಟ್

ಸಂಕ್ರಾಂತಿಯ ದಿನಗಳು ಪತಂಗದ ದಿನಗಳು. ಕಲಬುರಗಿಯ ಹಳೆ ಬಡಾವಣೆಗಳ ಮಾಳಿಗೆಗಳ ಮೇಲೆ ಆಗ ಹುಡುಗರು ಪತಂಗ ಏರಿಸುತ್ತಾರೆ. ದ್ವೀಪಗಳ ಪ್ರವಾಸಕ್ಕೂ ಇದೇ ಹಂಗಾಮು. 2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲೆ ದೇಶದ ಕಣ್ಣು ಆ ಹವಳದ ನಡುಗಡ್ಡೆಗಳ ಮೇಲೆ ಬಿತ್ತು. ಪ್ರವಾಸದ ಜಾಹೀರಾತುಗಳಲ್ಲಿ ಈಗ ಸಮುದ್ರಸ್ನಾನವಷ್ಟೇ ಇರುವುದಿಲ್ಲ. ಕಯಾಕ್, ಹಾಯಿದೋಣಿ, ಕೈಟ್‌ಸರ್ಫಿಂಗ್ ಎಲ್ಲವೂ ಬಂದಿವೆ.

ಕೈಟ್‌ಸರ್ಫಿಂಗ್ ನೋಡಲು ವಿದೇಶಕ್ಕೆ ಹೋಗಬೇಕಿಲ್ಲ. ನಮ್ಮ ಭಾಗದ ಹಿರಿಯರು ತಲೆಮಾರುಗಳಿಂದ ಯಾತ್ರೆ ಹೋಗುವ ರಾಮೇಶ್ವರ ಇರುವುದೇ ಒಂದು ದ್ವೀಪದಲ್ಲಿ, ಪಾಂಬನ್ ದ್ವೀಪದಲ್ಲಿ. ಅಗ್ನಿತೀರ್ಥದಲ್ಲಿ ಮುಳುಗೆದ್ದು, ದೇವಸ್ಥಾನದ 22 ತೀರ್ಥಗಳಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ ನಡುಗುತ್ತ ನಿಂತ ಯಾತ್ರಿಕರಿಂದ ಸ್ವಲ್ಪವೇ ದೂರದ ದಂಡೆಯಲ್ಲಿ ಬಣ್ಣದ ದೊಡ್ಡ ಪಟಗಳು ಆಕಾಶದಲ್ಲಿ ಕಮಾನು ಬರೆಯುತ್ತಿರುತ್ತವೆ. ಅವುಗಳ ದಾರದ ತುದಿಯಲ್ಲಿ ಮನುಷ್ಯರು ಹಲಗೆಯ ಮೇಲೆ ನಿಂತು ನೀರನ್ನು ಸೀಳುತ್ತ ಹೋಗುತ್ತಾರೆ.

ರಾಮೇಶ್ವರವೇ ಏಕೆ? ದ್ವೀಪದ ಒಂದು ಮಗ್ಗುಲಲ್ಲಿ ಪಾಕ್ ಕೊಲ್ಲಿ, ಇನ್ನೊಂದು ಮಗ್ಗುಲಲ್ಲಿ ಮನ್ನಾರ್ ಖಾರಿ. ಬೇಸಿಗೆಯ ನಡುವಿನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಗಾಳಿ, ಚಳಿಗಾಲದಲ್ಲಿ ಈಶಾನ್ಯದ ಗಾಳಿ. ಗಾಳಿ ಯಾವ ಕಡೆಯಿಂದ ಬಂದರೂ ದ್ವೀಪದ ಒಂದು ಬದಿಯಲ್ಲಿ ನೀರು ಅಲೆಯಿಲ್ಲದೆ ಚಾಪೆ ಹಾಸಿದಂತೆ ಇರುತ್ತದೆ. ಕಲಿಯುವವರಿಗೆ ಬೇಕಾದದ್ದು ಇದೇ: ಬಿಡದೆ ಬೀಸುವ ಗಾಳಿ, ಸೊಂಟದಷ್ಟು ಆಳದ ಸಮತಟ್ಟು ನೀರು.

ಮಾಳಿಗೆಯ ಹುಡುಗನಿಗೆ ಇದರ ಅರ್ಧ ವಿದ್ಯೆ ಈಗಾಗಲೇ ಗೊತ್ತಿದೆ. ಪತಂಗ ನೆತ್ತಿಯ ಮೇಲೆ ನೆಟ್ಟಗೆ ನಿಂತಾಗ ದಾರದ ಸೆಳೆತ ಕಡಿಮೆ. ಅದನ್ನು ಪಕ್ಕಕ್ಕೆ ಇಳಿಸಿ ಗಾಳಿಯ ನಡುವಿಗೆ ತಂದರೆ ಬೆರಳು ಕೊಯ್ಯುವಷ್ಟು ಎಳೆಯುತ್ತದೆ. ಕೈಟ್‌ಸರ್ಫಿಂಗ್ ನಡೆಯುವುದು ಇದರ ಮೇಲೆಯೇ. ನೆತ್ತಿಯನ್ನು ಗಡಿಯಾರದ 12 ಗಂಟೆ ಎಂದುಕೊಳ್ಳಿ. ಪಟವನ್ನು ಅಲ್ಲಿಂದ ಬಲಕ್ಕೋ ಎಡಕ್ಕೋ ಬೀಳಿಸಿದಾಗ ಹುಟ್ಟುವ ಸೆಳೆತವೇ ಸವಾರನನ್ನು ನೀರಿನಿಂದ ಎಬ್ಬಿಸಿ ಹಲಗೆಯ ಮೇಲೆ ನಿಲ್ಲಿಸುತ್ತದೆ. ಕೈಯಲ್ಲಿರುವ ಅಡ್ಡಕೋಲನ್ನು ತನ್ನತ್ತ ಎಳೆದರೆ ಬಲ ಹೆಚ್ಚುತ್ತದೆ, ಆಚೆ ಬಿಟ್ಟರೆ ಇಳಿಯುತ್ತದೆ. ಸೆಳೆತದ ಭಾರ ತೋಳಿನ ಮೇಲೆ ಬೀಳದಂತೆ ಸೊಂಟಪಟ್ಟಿ ಹೊರುತ್ತದೆ.

ಇನ್ನರ್ಧ ವಿದ್ಯೆಯೇ ಜೀವ ಉಳಿಸುವುದು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಈ ಲೆಕ್ಕ ತಿಳಿಯದೆ ದೊಡ್ಡ ಪಟ ಹಿಡಿದು ನಿಂತವರನ್ನು ಗಾಳಿ ದಂಡೆಯ ಕಲ್ಲುಗಳ ಮೇಲೆ ಎಳೆದೊಯ್ದಿದೆ. ಅದಕ್ಕೇ ಒಳ್ಳೆಯ ತರಬೇತಿಯ ಮೊದಲ ಪಾಠ ಮರಳಿನ ಮೇಲೆ, ಚಿಕ್ಕ ಪಟದೊಂದಿಗೆ. ಎರಡನೆಯದು, ಆಪತ್ತಿನಲ್ಲಿ ಪಟವನ್ನು ಒಂದೇ ಏಟಿಗೆ ಕಳಚಿ ಬಿಡುವ ಅಭ್ಯಾಸ. ಹಲಗೆ ಕಾಲಿಗೆ ಬರುವುದು ಇವೆಲ್ಲ ಆದ ಮೇಲೆ.

ಪಟದ ಮಾಹಿತಿ

• ದೊಡ್ಡವರು ಬಳಸುವ ಪಟ ಸಾಮಾನ್ಯವಾಗಿ 9ರಿಂದ 12 ಚದರ ಮೀಟರ್. ದಾರಗಳ ಉದ್ದ 20ರಿಂದ 25 ಮೀಟರ್.
• ಆಟಕ್ಕೆ ತಕ್ಕ ಗಾಳಿ ಗಂಟೆಗೆ ಸುಮಾರು 22ರಿಂದ 45 ಕಿ.ಮೀ.
• ನೀರಿಗೆ ಬಿದ್ದರೂ ಮುಳುಗದೆ ಮತ್ತೆ ಏರುವ, ಗಾಳಿ ತುಂಬಿದ ಪಟಕ್ಕೆ 1984ರಲ್ಲಿ ಪೇಟೆಂಟ್ ಅರ್ಜಿ ಹಾಕಿದವರು ಫ್ರಾನ್ಸ್‌ನ ಬ್ರಿಟನಿಯ ಸಹೋದರರಾದ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ.
• 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಟದ ಸ್ಪರ್ಧೆಗೆ ಮೊದಲ ಬಾರಿ ಪದಕ. ಮಾರ್ಸೇಯಲ್ಲಿ ನಡೆದ ಸ್ಪರ್ಧೆಯಲ್ಲಿ ಚಿನ್ನ ಗೆದ್ದವರು ಬ್ರಿಟನ್ನಿನ ಎಲ್ಲಿ ಆಲ್ಡ್ರಿಜ್ ಮತ್ತು ಆಸ್ಟ್ರಿಯಾದ ವ್ಯಾಲೆಂಟಿನ್ ಬೊಂಟುಸ್.
• ದಂಡೆಯಿಂದ ಕಡಲಿನತ್ತ ಬೀಸುವ ಗಾಳಿಯಲ್ಲಿ ಎಂದೂ ಇಳಿಯಬಾರದು. ತಪ್ಪಿದರೆ ಮರಳಿ ದಡಕ್ಕೆ ತರುವವರಿಲ್ಲ.

ಹಡಗು ಬಿಟ್ಟ ಸುಲ್ತಾನ, ಕುದುರೆ ತಂದ ರಷ್ಯನ್

ಹಾಫಿಜ್ ಬರಲಿಲ್ಲ, ಆದರೆ ಹಾಯಿಗಳು ಬರುವುದು ನಿಲ್ಲಲಿಲ್ಲ. 1397ರಿಂದ 1422ರವರೆಗೆ ಕಲಬುರಗಿಯಲ್ಲಿ ಆಳಿದ ಫಿರೋಜ್ ಷಾ ಬಹಮನಿ ಪ್ರತಿ ವರ್ಷ ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗು ಕಳಿಸುತ್ತಿದ್ದನೆಂದು ಫೆರಿಷ್ತಾ ಬರೆದಿದ್ದಾನೆ. ದೂರದೇಶದ ಅಪರೂಪದ ಸರಕು ತರುವುದು ಒಂದು ಕೆಲಸ. ಪ್ರತಿಭಾವಂತರನ್ನು ಒಲಿಸಿ ಕರೆತರುವುದು ಇನ್ನೊಂದು. ಹಫ್ತ್ ಗುಂಬಜ್‌ನಲ್ಲಿರುವ ಅವನ ಜೋಡಿ ಗುಮ್ಮಟದ ಸಮಾಧಿಯನ್ನು ನೋಡಲು ಹೋದಾಗ ನಾವು ಗಾರೆಯ ಕುಸುರಿಯನ್ನು ಮೆಚ್ಚಿ ಬರುತ್ತೇವೆ. ಈ ಅರಸ ಕಡಲಾಚೆಗೂ ಕಣ್ಣಿಟ್ಟಿದ್ದ ಎಂಬುದನ್ನು ಅಲ್ಲಿಗೆ ಬರುವ ಶಾಲೆಯ ಮಕ್ಕಳಿಗೆ ಯಾರಾದರೂ ಹೇಳಬೇಕು.

ಅವನ ನಂತರ ರಾಜಧಾನಿ ಬೀದರಕ್ಕೆ ಹೋಯಿತು. ಕಡಲಿನ ದಾರಿ ಮಾತ್ರ ನಮ್ಮ ಜಿಲ್ಲೆಯನ್ನು ಮುಟ್ಟುತ್ತಲೇ ಇತ್ತು. ರಷ್ಯಾದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ 1469ರ ಸುಮಾರಿಗೆ ಹಾರ್ಮುಜ್‌ನಲ್ಲಿ ಹಡಗು ಹತ್ತಿದ, ಜತೆಗೊಂದು ಕುದುರೆ. ಇಳಿದದ್ದು ಚೌಲ್‌ನಲ್ಲಿ, ತಲುಪಿದ್ದು ಬೀದರಕ್ಕೆ. ಶೇಖ್ ಅಲಾವುದ್ದೀನರ ನೆನಪಿನಲ್ಲಿ ಹತ್ತು ದಿನ ನಡೆಯುವ ದೊಡ್ಡ ಸಂತೆಯೊಂದನ್ನು ಅವನು ತನ್ನ ಬರಹದಲ್ಲಿ ಬಣ್ಣಿಸಿದ್ದಾನೆ. ಅಲ್ಲಿಗೆ ಇಪ್ಪತ್ತು ಸಾವಿರದಷ್ಟು ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವಂತೆ. ವಿದ್ವಾಂಸರು ಅದನ್ನು ನಮ್ಮ ಆಳಂದ ಎಂದು ಗುರುತಿಸಿದ್ದಾರೆ; ಲಾಡ್ಲೆ ಮಶಾಯಕರ ದರ್ಗಾ ಇರುವ ಆಳಂದ.

ದಖ್ಖನ್ನಿನ ಸಂತೆಗಳಿಗೆ ಅರಬ್ಬೀ ಕುದುರೆಗಳು ಬಂದದ್ದು ಹಾಯಿ ಹಡಗುಗಳ ಹೊಟ್ಟೆಯಲ್ಲಿ. ಮಾನ್ಸೂನ್ ಗಾಳಿ ತಿರುಗುವ ತಿಂಗಳನ್ನು ನೋಡಿ ಬಂದರುಗಳಲ್ಲಿ ಹಾಯಿ ಬಿಚ್ಚುತ್ತಿದ್ದರು. ಮಳೆಗಾಲ ಬಂತೆಂದರೆ ಪಶ್ಚಿಮ ಕರಾವಳಿಯ ದಾರಿ ಬಂದ್. ಕಲಬುರಗಿಯ ಲಾಯದಲ್ಲಿ ಕುದುರೆ ಬೇಕಾದವನೂ ಅರಬ್ಬೀ ಸಮುದ್ರದ ಗಾಳಿಯ ಪಂಚಾಂಗಕ್ಕೆ ತಲೆಬಾಗಲೇಬೇಕಿತ್ತು.

1956ರ ನವೆಂಬರ್ 1: ನಾವು ಬಂದೆವು, ದ್ವೀಪಗಳು ಹೋದವು

ಕನ್ನಡ ರಾಜ್ಯೋತ್ಸವದ ಭಾಷಣಗಳಲ್ಲಿ ನಾನು ಎಂದೂ ಕೇಳದ ಒಂದು ಸಂಗತಿ ಇದೆ.

ಲಕ್ಷದ್ವೀಪದ ಉತ್ತರದ ದ್ವೀಪಗಳಾದ ಅಮಿನಿ, ಕದ್ಮತ್, ಕಿಲ್ತನ್, ಚೆಟ್ಲಾತ್, ಬಿತ್ರಾ ಒಂದು ಕಾಲಕ್ಕೆ ದಕ್ಷಿಣ ಕನ್ನಡ ಜಿಲ್ಲೆಯವು. ಹದಿನೆಂಟನೇ ಶತಮಾನದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಅಮಿನಿಯ ಜನ ಟಿಪ್ಪು ಸುಲ್ತಾನನ ಮೊರೆಹೋದರು. 1787ರಲ್ಲಿ ಈ ದ್ವೀಪಗಳು ಅವನ ಕೈಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಅವನ್ನು ಕೆನರಾಕ್ಕೆ ಸೇರಿಸಿತು. ಅಲ್ಲಿಂದ ಒಂದೂವರೆ ಶತಮಾನ ದ್ವೀಪದವರ ಕಚೇರಿ, ಪೇಟೆ ಎರಡೂ ಮಂಗಳೂರು.

ಅವರ ವಾಹನ ಓಡಂ ಎಂಬ ಹಾಯಿದೋಣಿ. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟುತ್ತಿದ್ದರು. ಕಡಲು ಶಾಂತವಾದ ತಿಂಗಳುಗಳಲ್ಲಿ ಹುರಿ, ಕೊಬ್ಬರಿ, ತೆಂಗಿನ ಬೆಲ್ಲ ಹೇರಿಕೊಂಡು ಮಂಗಳೂರಿನ ಬಂದರಿಗೆ ಬರುವುದು, ಅಕ್ಕಿ ತುಂಬಿಕೊಂಡು ಮರಳುವುದು. ಹುರಿಯ ವ್ಯಾಪಾರ ಸರ್ಕಾರದ ಹಿಡಿತದಲ್ಲಿತ್ತು. ಸರ್ಕಾರ ಹುರಿ ತೆಗೆದುಕೊಂಡು ಗೊತ್ತುಮಾಡಿದ ದರದಲ್ಲಿ ಅಕ್ಕಿ ಅಳೆದು ಕೊಡುತ್ತಿತ್ತು. ದಾರಿ ತೋರಿಸಲು ನಕ್ಷತ್ರಗಳಿದ್ದವು. ಜತೆಗೆ ರಹ್‌ಮಾನಿ ಎಂಬ ಕೈಬರಹದ ಹೊತ್ತಿಗೆ: ಯಾವ ನಕ್ಷತ್ರ ಎಷ್ಟು ಎತ್ತರದಲ್ಲಿದ್ದರೆ ಯಾವ ದಡ ಎಂಬ ಲೆಕ್ಕ. ಮೋಜಿಗಲ್ಲ, ಹೊಟ್ಟೆಗಾಗಿ ಕಲಿತ ಹಾಯಿ ವಿದ್ಯೆ ಅದು. ಅಂಥ ವಿದ್ಯೆಯ ಮೇಲೆ ನನಗೆ ದೊಡ್ಡ ಗೌರವ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಲ್ಲಿದ್ದ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ, ಅದೇ ಪುನರ್ವಿಂಗಡಣೆಯಲ್ಲಿ ಈ ದ್ವೀಪಗಳು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇಂದ್ರಾಡಳಿತಕ್ಕೆ ಹೋದವು. ಒಣನೆಲದ ನಾವು ಒಳಗೆ ಬಂದ ದಿನವೇ ಹಾಯಿಯ ಮಕ್ಕಳು ಹೊರಗೆ ಹೋದರು. 1973ರಲ್ಲಿ ಇಡೀ ದ್ವೀಪಸಮೂಹಕ್ಕೆ ಲಕ್ಷದ್ವೀಪ ಎಂಬ ಹೆಸರಾಯಿತು.

ಇವತ್ತು ಕದ್ಮತ್‌ಗೆ ಹೋದವರು ಕಾಣುವುದು ಸುಮಾರು 9 ಕಿ.ಮೀ. ಉದ್ದದ, ಅರ್ಧ ಕಿಲೋಮೀಟರ್ ಆಸುಪಾಸು ಅಗಲದ ಭೂಮಿಯ ಪಟ್ಟಿ. ಅದರ ಪಕ್ಕದಲ್ಲಿ ಹವಳದ ಗೋಡೆ ಕಾದ ತಿಳಿನೀರು. ಹಾಯಿ, ಕಯಾಕ್, ನೀರೊಳಗಿನ ಈಜು ಕಲಿಯಲು ಇದಕ್ಕಿಂತ ದಯೆಯುಳ್ಳ ನೀರು ಸಿಗುವುದು ಕಷ್ಟ.

ಲಕ್ಷದ್ವೀಪಕ್ಕೆ ಹೋಗುವ ಮುನ್ನ

• ಒಟ್ಟು 36 ದ್ವೀಪಗಳು, ನೆಲ ಕೇವಲ 32 ಚದರ ಕಿ.ಮೀ. ಜನವಸತಿ ಇರುವುದು 10ರಲ್ಲಿ.
• ಪ್ರವೇಶ ಪರವಾನಗಿ ಇಲ್ಲದೆ ಹೋಗುವಂತಿಲ್ಲ. ವಿಮಾನ ಇಳಿಯುವುದು ಅಗತ್ತಿಯಲ್ಲಿ, ಹಡಗುಗಳ ಮುಖ್ಯ ದಾರಿ ಕೊಚ್ಚಿಯಿಂದ.
• 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ಸುಮಾರು 7 ಗಂಟೆಯಲ್ಲಿ ದ್ವೀಪದಿಂದ ಮಂಗಳೂರಿಗೆ ಬಂತು.
• ಹವಳ ಜೀವಂತ. ಅದರ ಮೇಲೆ ಕಾಲಿಡಬೇಡಿ, ಮುರಿದು ತರಬೇಡಿ.
• ಕರ್ನಾಟಕದಲ್ಲೂ ದ್ವೀಪಗಳಿವೆ: ಮಲ್ಪೆಯ ಸೇಂಟ್ ಮೇರೀಸ್, ಮುರುಡೇಶ್ವರದ ಬಳಿಯ ನೇತ್ರಾಣಿ, ಕಾರವಾರದ ಕೂರ್ಮಗಡ. ಕೂರ್ಮಗಡದ ನರಸಿಂಹನ ಜಾತ್ರೆಗೆ ಪುಷ್ಯ ಮಾಸದ ಹುಣ್ಣಿಮೆಗೆ ಜನ ದೋಣಿಗಳಲ್ಲೇ ಹೋಗುತ್ತಾರೆ.

ಹುಸೇನ್ ಸಾಗರ ಹೇಳುವ ಪಾಠ

ಹಾಯಿ ಕಲಿಯಲು ಕಡಲೇ ಬೇಕೆಂದಿಲ್ಲ. ಇದಕ್ಕೆ ಸಾಕ್ಷಿ ನಮ್ಮಿಂದ ಸುಮಾರು 220 ಕಿ.ಮೀ. ದೂರದಲ್ಲೇ ಇದೆ.

ಹೈದರಾಬಾದ್ ಕೂಡ ದಖ್ಖನ್ನಿನ ಬಂಡೆಯ ಮೇಲಿನ ಊರು. 1948ರವರೆಗೆ ನಾವೂ ಅವರೂ ಒಬ್ಬನೇ ನಿಜಾಮನ ಪ್ರಜೆಗಳು. ಅಲ್ಲಿನ ಹುಸೇನ್ ಸಾಗರ ನಗರದ ನಡುವಿನ ಕೆರೆ. ಅದರಲ್ಲಿ ಸೇನೆಯ ಸೇಲಿಂಗ್ ಸಂಸ್ಥೆ ಪ್ರತಿ ಮಳೆಗಾಲ ಹೈದರಾಬಾದ್ ಸೇಲಿಂಗ್ ವೀಕ್ ನಡೆಸುತ್ತದೆ. ಯಾಟ್ ಕ್ಲಬ್ ಆಫ್ ಹೈದರಾಬಾದ್ ಕೊಳೆಗೇರಿಗಳ, ಸರ್ಕಾರಿ ಶಾಲೆಗಳ ಮಕ್ಕಳನ್ನು ಕರೆತಂದು ಹಾಯಿದೋಣಿ ಕಲಿಸಿದೆ. ಆ ಮಕ್ಕಳಲ್ಲಿ ಹಲವರು ರಾಷ್ಟ್ರೀಯ ಪದಕ ಗೆದ್ದಿದ್ದಾರೆ. ಐಎನ್‌ಎಸ್‌ವಿ ತಾರಿಣಿ ಎಂಬ ಹಾಯಿ ನೌಕೆಯಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಗೋವಾದಿಂದ ಹೊರಟು, 2018ರ ಮೇ ತಿಂಗಳಲ್ಲಿ ಭೂಮಿ ಸುತ್ತಿ ಬಂದ ನೌಕಾಪಡೆಯ ಆರು ಮಹಿಳೆಯರಲ್ಲಿ ಒಬ್ಬರಾದ ಐಶ್ವರ್ಯಾ ಬೊಡ್ಡಪಾಟಿ ಹೈದರಾಬಾದಿನವರು.

ದಕ್ಷಿಣ ಕರ್ನಾಟಕದಲ್ಲೂ ಇದು ಹೊಸದಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ತೃಷ್ಣಾ ಸೇಲಿಂಗ್ ಕ್ಲಬ್, ಕನ್ನಂಬಾಡಿ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ಇವೆ. ಕರ್ನಾಟಕ ಮೂಲದ, ಕೇರಳದ ಕೋವಳಂ ದಂಡೆಯಲ್ಲಿ ಬೆಳೆದ ರಮೇಶ್ ಬೂದಿಹಾಳ 2025ರ ಆಗಸ್ಟ್‌ನಲ್ಲಿ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನ ಕಂಚು ಗೆದ್ದರು. ಈ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ನೀರಿನ ಆಟ ಕರಾವಳಿಯವರ ಸೊತ್ತು ಎಂಬ ಮಾತಿಗೆ ಇನ್ನು ಅರ್ಥವಿಲ್ಲ.

ಕಮಲಾಪುರದ ನೀರು

ಕಲಬುರಗಿಯಿಂದ ಬೀದರ ರಸ್ತೆ ಹಿಡಿದರೆ ಕಪ್ಪು ನೆಲ ನಿಧಾನವಾಗಿ ಕೆಂಪಾಗುತ್ತದೆ. ಕಮಲಾಪುರ ಬಂತೆಂದು ಹೇಳುವುದು ರಸ್ತೆ ಬದಿಯ ಅಂಗಡಿಗಳಲ್ಲಿ ತೂಗುಬಿದ್ದ ಕೆಂಪು ಬಾಳೆಯ ಗೊನೆಗಳು. ಭೌಗೋಳಿಕ ಮಾನ್ಯತೆ ಪಡೆದ ಹಣ್ಣು ಅದು. ಇದೇ ತಾಲ್ಲೂಕಿನ ಮಹಾಗಾಂವ ಕಡೆ, ಬೆಳಕೋಟಾ ಬಳಿ ಗಂಡೋರಿ ನಾಲಾ ಜಲಾಶಯವಿದೆ. ನಗರದಲ್ಲಿ ಶರಣಬಸವೇಶ್ವರ ಕೆರೆ, ನಮ್ಮ ಬಾಯಲ್ಲಿ ಅಪ್ಪನ ಕೆರೆ, ಇದೆ. ಚಿಂಚೋಳಿಯಲ್ಲಿ ಚಂದ್ರಂಪಳ್ಳಿ ಜಲಾಶಯ ಇದೆ. ಆದರೆ ಚಂದ್ರಂಪಳ್ಳಿ ಇರುವುದು ವನ್ಯಜೀವಿಧಾಮದಲ್ಲಿ. ಅದನ್ನು ಹಕ್ಕಿಗಳಿಗೂ ಕಾಡಿಗೂ ಬಿಡುವುದೇ ಸರಿ. ಅಪ್ಪನ ಕೆರೆ ಮಕ್ಕಳ ಮೊದಲ ಪಾಠಕ್ಕೆ ಸಾಕು. ನಿಜವಾದ ಅವಕಾಶ ಇರುವುದು ಗಂಡೋರಿ ನಾಲಾದಲ್ಲಿ ಎಂಬುದು ನನ್ನ ನಂಬಿಕೆ.

ಗಾಳಿ? ಕಣದಲ್ಲಿ ಜೋಳ ತೂರಿದ ರೈತನನ್ನು ಕೇಳಿ. ಗಾಳಿ ಯಾವ ಮೂಲೆಯಿಂದ ಬರುತ್ತದೆ, ಎಷ್ಟು ಹೊತ್ತಿಗೆ ಬೀಳುತ್ತದೆ, ಮೊರ ಎಷ್ಟು ಎತ್ತರಕ್ಕೆ ಹಿಡಿದರೆ ಹೊಟ್ಟು ಮಾತ್ರ ಹಾರುತ್ತದೆ ಎಂಬುದು ಅವನಿಗೆ ಮೈಗೂಡಿದ ವಿದ್ಯೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ನಮ್ಮ ಬಯಲ ಮೇಲೆ ಜೋರಾಗಿಯೇ ಬೀಸುತ್ತದೆ. ಮಳೆ ಸುರಿಯುವುದು ಮಲೆನಾಡಿನಲ್ಲಿ, ನಮ್ಮ ಪಾಲಿಗೆ ಹೆಚ್ಚಾಗಿ ಗಾಳಿಯೇ ಉಳಿಯುತ್ತದೆ. ಒಳ್ಳೆಯ ಮಳೆಯಾದ ವರ್ಷ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ನೀರು, ಗಾಳಿ ಎರಡೂ ಒಟ್ಟಿಗೆ ಸಿಗುತ್ತವೆ.

ಆದರೆ ಇಲ್ಲಿ ಕೈಟ್‌ಸರ್ಫಿಂಗ್ ಬೇಡ. ಒಳನಾಡಿನ ಗಾಳಿ ಗುಡ್ಡ, ಮರ ಸುತ್ತಿ ಬರುವಾಗ ಒಮ್ಮೆ ಸತ್ತು ಒಮ್ಮೆ ಎರಗುತ್ತದೆ. ಸುತ್ತ ವಿದ್ಯುತ್ ತಂತಿಗಳಿರುತ್ತವೆ. ನಮಗೆ ತಕ್ಕದ್ದು ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿ ರೂಪಿಸಿದ್ದು. ಉದ್ದ 2.3 ಮೀಟರ್, ತೂಕ ಸುಮಾರು 35 ಕಿಲೊ, ಒಂದೇ ಹಾಯಿ. ಎಂಟು ವರ್ಷದ ಮಗುವೂ ಒಬ್ಬಂಟಿಯಾಗಿ ನಡೆಸಬಹುದು. ಎಂಜಿನ್ ಇಲ್ಲ, ಎಣ್ಣೆ ಇಲ್ಲ, ಹೊಗೆ ಇಲ್ಲ. ಕುಡಿಯುವ, ಹೊಲಕ್ಕೆ ಹರಿಯುವ ನೀರಿಗೆ ಇದರಿಂದ ಕೇಡಿಲ್ಲ. ಈ ಕಾರಣಕ್ಕೇ ಮೋಟಾರು ದೋಣಿಗಿಂತ ಹಾಯಿ ನಮ್ಮ ಜಲಾಶಯಗಳಿಗೆ ಮೇಲು.

ಇದೆಲ್ಲಕ್ಕೂ ಮೊದಲು ಈಜು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಮಾತು ಒಂದೇ, ‘ನೀರಿನ ಕಡೆ ಹೋಗಬ್ಯಾಡೋ ತಮ್ಮಾ.’ ಆ ಭಯಕ್ಕೆ ಕಾರಣವಿದೆ. ಶಹಾಬಾದ್ ಸೀಮೆಯ ಹಳೆ ಕಲ್ಲುಗಣಿಗಳಲ್ಲಿ, ಕೃಷಿಹೊಂಡಗಳಲ್ಲಿ, ಬಾವಿಗಳಲ್ಲಿ ರಜೆಯ ದಿನ ಇಳಿದ ಮಕ್ಕಳು ಮರಳದ ಸುದ್ದಿ ಓದುವಾಗ ಕರುಳು ಕಿವುಚುತ್ತದೆ. ಆದರೆ ಹೋಗಬೇಡ ಎಂದಷ್ಟೇ ಹೇಳಿದರೆ ಮಗು ಕದ್ದು ಹೋಗುತ್ತದೆ. ಕಲಿಸಿ ಕಳಿಸಿದರೆ ಮರಳಿ ಬರುತ್ತದೆ. ಲೈಫ್ ಜಾಕೆಟ್ ತೊಟ್ಟು, ತರಬೇತುದಾರನ ಕಣ್ಣೆದುರು ದೋಣಿ ನಡೆಸುವ ಹುಡುಗ, ಹುಡುಗಿ ನೀರನ್ನು ಓದಲು ಕಲಿಯುತ್ತಾರೆ. ದ್ವೀಪದ ರಜೆಗೆ ಹೋದಾಗ ಪಟ ಹಿಡಿಯುವ ಅರ್ಹತೆ ಬರುವುದು ಹೀಗೆ ಕಲಿತವರಿಗೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಹಣವಿದೆ. ಸಾಹಸ ಕ್ರೀಡೆ ಕಲಿಸಲೆಂದೇ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಹತ್ತು ಆಪ್ಟಿಮಿಸ್ಟ್ ದೋಣಿ, ಒಂದು ರಕ್ಷಣಾ ದೋಣಿ, ಇಬ್ಬರು ತರಬೇತುದಾರರು, ಕಮಲಾಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳ ಮಕ್ಕಳು: ಇಷ್ಟರಿಂದ ಶುರುಮಾಡಬಹುದು. ಜಿಲ್ಲಾಡಳಿತ ಬರುವ ಮಳೆಗಾಲಕ್ಕೆ ಮೊದಲೇ ಗಂಡೋರಿ ನಾಲಾದಲ್ಲಿ ನೀರಿನ ಆಳ, ಗಾಳಿಯ ದಿಕ್ಕು, ದಡದ ಸುರಕ್ಷತೆ ನೋಡಿಸಲಿ. ತಂದೆ ತಾಯಂದಿರು ಈ ಬೇಸಿಗೆ ರಜೆಯಲ್ಲೇ ಮಕ್ಕಳನ್ನು ಈಜುಕೊಳಕ್ಕೆ ಸೇರಿಸಲಿ, ಹೆಣ್ಣುಮಕ್ಕಳನ್ನೂ ತಪ್ಪದೆ.